ಮೇಜಿನ ಮೇಲೊಂದು ಗಣಿ ಇಂಜಿನ್

ವೇಲ್ಸ್‌ನ ಡಿನೋರ್ವಿಕ್ ಸ್ಲೇಟ್ ಗಣಿಯಲ್ಲಿ ಓಡುತ್ತಿದ್ದ ನಾಲ್ಕು ಚಕ್ರದ, ಹನ್ಸ್‌ಲೆಟ್ ಕಂಪನಿಯ ಉಗಿ ಇಂಜಿನ್ ಅಂದ್ರೆ ನನಗೆ ಪ್ರಾಣ. ಅದರ ಪುಟ್ಟ ಮಾದರಿ ಮಾಡಲು 1:19 ಅಳತೆ ಹಿಡಿಯಿರಿ. ನಿಜವಾದ ಒಂದು ಅಡಿ ಇಲ್ಲಿ 16 ಮಿ.ಮೀ., ಹಳಿಗಳ ನಡುವಿನ ಅಂತರ 32 ಮಿ.ಮೀ.

ಮೊದಲು ಚಾಸಿ, ಅಂದ್ರೆ ಚಕ್ರಗಳನ್ನು ಹೊರುವ ಚೌಕಟ್ಟು. ಎರಡು ಹಿತ್ತಾಳೆ ಪಟ್ಟಿಗಳನ್ನು ಜೋಡಿಸಿ ಬಿಗಿದು, ಚಕ್ರದ ಅಚ್ಚು ಕೂರುವ ತೂತುಗಳನ್ನು ಒಟ್ಟಿಗೇ ಕೊರೆಯಿರಿ. ನಾನು ಬೇರೆ ಬೇರೆ ಕೊರೆದಿದ್ದೆ. ಬಂಡಿ ಕುಂಟಿತು, ಒಂದು ವಾರ ಸುಮ್ನೆ ಹಾಳು. ಎಡ ಬಲ ಕ್ರ್ಯಾಂಕ್‌ಗಳ (ಚಕ್ರ ತಿರುಗಿಸುವ ತೋಳುಗಳ) ನಡುವೆ 90 ಡಿಗ್ರಿ ಕೋನ ಇರಲಿ. ಬೆರಳಲ್ಲಿ ಚಕ್ರ ತಿರುಗಿಸಿ, ಎಲ್ಲೂ ತಡೆಯಬಾರದು.

ಬಾಯ್ಲರ್ ಮೇಲೆ ಜೀನಿನಂತೆ ಕೂರುವ ನೀರಿನ ಟ್ಯಾಂಕಿಗೆ ತೆಳು ಪ್ಲಾಸ್ಟಿಕ್ ಶೀಟ್ ಸಾಕು. ಪೈಪಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬಿಸಿನೀರಲ್ಲಿ ಅದ್ದಿ, ತಣಿಯಲು ಬಿಡಿ. ಚಾಲಕ ನಿಲ್ಲುವ ಗೂಡು, ಅಂದ್ರೆ ಕ್ಯಾಬ್ ಬೇಡ. ಅಲ್ಲಿನ ಎಷ್ಟೋ ಇಂಜಿನ್‌ಗಳಿಗೆ ಅದು ಇರಲೇ ಇಲ್ಲ. ಕೆಲಸ ಉಳಿಯಿತು, ಅಲ್ವಾ?