ಒಂದೇ ಟಿವಿ, ಒಂದ್ ಕಡೆ ಕಂಪ್ಯೂಟರ್ ಒಂದ್ ಕಡೆ ಸೀರಿಯಲ್: ಇನ್‌ಪುಟ್ ಬದ್ಲಾಯ್ಸೋದು ಹೆಂಗೆ

ಮಂಡ್ಯದಲ್ಲಿ ನಮ್ಮನೇಲಿರೋದು 43 ಇಂಚಿನ ಟಿವಿ ಒಂದೇ. ಹಗಲೊತ್ತು ನಾನು ಅದ್ನೇ ಮಾನಿಟರ್ ಮಾಡ್ಕೊಂಡು ಆಫೀಸ್ ಕೆಲ್ಸ ಮಾಡ್ತೀನಿ, ಸಂಜೆ ಆಗ್ತಿದ್ದಂಗೆ ಅವ್ವಂಗೆ ಸೀರಿಯಲ್ ಬೇಕು. ಮೊದಮೊದ್ಲು ದಿನಾ ಹಿಂದಗಡೆ ಕೈ ಹಾಕಿ ಒಂದು ಕೇಬಲ್ ಕಿತ್ತು ಇನ್ನೊಂದು ಚುಚ್ತಿದ್ವಿ, ಹಂಗೆ ಮಾಡೀ ಮಾಡೀ ಒಂದು ಪೋರ್ಟ್ ಸಡಿಲ ಆಗಿ ಅಲ್ಲಾಡ್ಸಿದ್ರೆ ಮಾತ್ರ ಚಿತ್ರ ಬರೋ ಹಂಗಾಯ್ತು. ದಯವಿಟ್ಟು ನೀವು ಹಂಗೆ ಮಾಡ್ಬೇಡಿ.

ಸೆಟ್‌ಟಾಪ್ ಬಾಕ್ಸ್‌ಗೆ ಒಂದು ಎಚ್‌ಡಿಎಂಐ ಪೋರ್ಟು, ಕಂಪ್ಯೂಟರ್‌ಗೆ ಇನ್ನೊಂದು, ಎರಡೂ ಕಾಯಂ. ಎಆರ್‌ಸಿ (ARC) ಅಂತ ಬರ್ದಿರೋ ಪೋರ್ಟು ಟಿವಿ ಸೌಂಡನ್ನ ಹೊರಗಿನ ಸ್ಪೀಕರ್‌ಗೆ ಕಳ್ಸೋದು, ಅದನ್ನ ಸೌಂಡ್‌ಬಾರ್‌ಗೆ ಬಿಟ್ಬಿಡಿ. ಪಕ್ಕದಲ್ಲೇ ನಂಬರ್ ಇರತ್ತೆ, ಯಾವ್ದು ಎಲ್ಲಿಗೆ ಅಂತ ನೆನಪಿಟ್ಕೊಳ್ಳಿ. ಆಮೇಲೆ ರಿಮೋಟಲ್ಲಿ ಸೋರ್ಸ್ ಇಲ್ಲಾ ಇನ್‌ಪುಟ್ ಅನ್ನೋ ಬಟನ್, ಕೆಲವು ರಿಮೋಟಲ್ಲಿ ಚೌಕದೊಳಕ್ಕೆ ಬಾಣ ಹೋಗೋ ಚಿತ್ರ ಇರತ್ತೆ, ಅದನ್ನ ಒತ್ತಿ ಪಟ್ಟೀಲಿ ನಿಮಗೆ ಬೇಕಾದ್ದನ್ನ ಆರ್ಸಿ ಓಕೆ ಕೊಡಿ. ಚಿತ್ರ ಬರೋಕೆ ಎರಡ್ಮೂರು ಸೆಕೆಂಡ್ ಹಿಡಿಯತ್ತೆ, ಅಷ್ಟರೊಳಗೆ ಮತ್ತೆ ಮತ್ತೆ ಒತ್ಬೇಡಿ. ನೋ ಸಿಗ್ನಲ್ ಅಂತ ಬಂದ್ರೆ ಗಾಬ್ರಿ ಬೇಡ, ಹೆಚ್ಚಿನ್ ಸಲ ಕಂಪ್ಯೂಟರ್ ನಿದ್ದೆ ಮಾಡ್ತಿರತ್ತೆ, ಮೌಸ್ ಅಲ್ಲಾಡ್ಸಿ.

ಈಗ ಮುಖ್ಯವಾದ್ದು. ಕಂಪ್ಯೂಟರ್ ಚುಚ್ಚಿರೋ ಇನ್‌ಪುಟ್‌ನ ಹೆಸ್ರು ಇಲ್ಲಾ ಬಗೆ ಪಿಸಿ ಅಂತ ಆರ್ಸಿ. ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳಲ್ಲಿ ಇನ್‌ಪುಟ್ ಪಟ್ಟೀಲೇ ಎಡಿಟ್ ಮಾಡೋಕಾಗತ್ತೆ. ಇದು ಬರೀ ಗುರುತಿಗಲ್ಲ ಕಣ್ರೀ, ಸಿನಿಮಾ ತೋರ್ಸುವಾಗ ಟಿವಿ ಬಣ್ಣದ ವಿವರ ಸ್ವಲ್ಪ ಕಮ್ಮಿ ಮಾಡ್ಕೊಳತ್ತೆ, ಕಣ್ಣಿಗೆ ಗೊತ್ತಾಗಲ್ಲ, ಆದ್ರೆ ಕಂಪ್ಯೂಟರ್‌ನ ಸಣ್ಣ ಅಕ್ಷರ, ಅದ್ರಲ್ಲೂ ಕೆಂಪು ನೀಲಿ ಅಕ್ಷರ, ಹಂಗೇ ಕಲಸೋದಂಗೆ ಕಾಣತ್ತೆ. ಪಿಸಿ ಅಂತ ಹೇಳಿದ್ ತಕ್ಷಣ ಅಕ್ಷರ ಚೂಪಾಗತ್ತೆ. ನಾನು ತಿಂಗಳುಗಟ್ಲೆ ಕಣ್ಣುರಿ ಅನ್ಕೊಂಡು ಕೂತಿದ್ದೆ, ಇದೊಂದು ಸೆಟ್ಟಿಂಗ್‌ಗೆ. ಟಾಸ್ಕ್‌ಬಾರ್ ಅಂಚಲ್ಲಿ ಕತ್ತರ್ಸೋದಂಗೆ ಕಂಡ್ರೆ ಪಿಕ್ಚರ್ ಸೈಜಲ್ಲಿ ಜಸ್ಟ್ ಸ್ಕ್ಯಾನ್ ಅಥ್ವಾ ಫಿಟ್ ಟು ಸ್ಕ್ರೀನ್ ಹಾಕಿ.

ಇನ್ನೊಂದು ಕಾಟ, ನೀವು ಮೀಟಿಂಗಲ್ಲಿ ಇರ್ತೀರ, ಯಾರೋ ಸ್ಟ್ರೀಮಿಂಗ್ ಸ್ಟಿಕ್ಕಿನ ರಿಮೋಟ್ ಮುಟ್ತಾರೆ, ಟಿವಿ ತಾನಾಗೇ ಅಲ್ಲಿಗೆ ಹಾರ್ಬಿಡತ್ತೆ. ಇದಕ್ಕೆ ಕಾರಣ ಎಚ್‌ಡಿಎಂಐ-ಸಿಇಸಿ (CEC), ಅಂದ್ರೆ ಎಚ್‌ಡಿಎಂಐ ಕೇಬಲ್ ಮೂಲಕ ಒಂದು ಸಾಧನ ಇನ್ನೊಂದನ್ನ ಕಂಟ್ರೋಲ್ ಮಾಡೋ ಸೌಲಭ್ಯ. ಸ್ಯಾಮ್‌ಸಂಗಲ್ಲಿ ಎನಿನೆಟ್ ಪ್ಲಸ್, ಎಲ್‌ಜೀಲಿ ಸಿಂಪ್ಲಿಂಕ್, ಸೋನೀಲಿ ಬ್ರಾವಿಯಾ ಸಿಂಕ್ ಅಂತಾರೆ, ಎಲ್ಲಾ ಒಂದೇ. ಟಿವೀಲೇ ಆಫ್ ಮಾಡಿದ್ರೆ ಸೌಂಡ್‌ಬಾರ್ ಕೈಕೊಡ್ಬೋದು, ಅದಕ್ಕೇ ಸ್ಟಿಕ್ಕಿನ ಸೆಟ್ಟಿಂಗಲ್ಲಿ ಆಫ್ ಮಾಡೋದು ವಾಸಿ. ಹೆಚ್ಚಿನ ಕಂಪ್ಯೂಟರ್‌ಗಳಿಗೆ ಸಿಇಸಿ ಬರೋದೇ ಇಲ್ಲ, ಕಂಪ್ಯೂಟರ್ ಆನ್ ಆದ್ರೂ ಸಾಮಾನ್ಯವಾಗಿ ಟಿವಿ ತಾನಾಗಿ ಅದ್ರ ಕಡೆ ತಿರ್ಗಲ್ಲ, ರಿಮೋಟ್ ಒತ್ಲೇಬೇಕು.

ಲ್ಯಾಪ್‌ಟಾಪ್ ಆದ್ರೆ ಇನ್ನೂ ಒಂದೈತೆ. ಟಿವಿ ಸೀರಿಯಲ್ ಕಡೆ ಹೋದ್ರೂ ಎಷ್ಟೋ ಸಲ ವಿಂಡೋಸ್‌ಗೆ ಅದು ಗೊತ್ತಾಗಲ್ಲ, ಟಿವಿ ಇನ್ನೂ ತನ್ನ ಸ್ಕ್ರೀನೇ ಅನ್ಕೊಂಡಿರತ್ತೆ, ತೆಗ್ದಿದ್ದ ಫೈಲ್ ಅಲ್ಲೇ ಕಾಣದಂಗೆ ಉಳ್ಕೊಳತ್ತೆ. ಆಲ್ಟ್ ಟ್ಯಾಬಲ್ಲಿ ಅದನ್ನ ಆರ್ಸಿ, ವಿಂಡೋಸ್ ಕೀ ಜೊತೆ ಶಿಫ್ಟ್ ಮತ್ತೆ ಎಡ ಬಾಣ ಒತ್ತಿ, ಲ್ಯಾಪ್‌ಟಾಪ್‌ಗೆ ವಾಪಸ್ ಬರತ್ತೆ. ಎಲ್ಲಾನೂ ಒಟ್ಟಿಗೆ ತರ್ಬೇಕು ಅಂದ್ರೆ ವಿಂಡೋಸ್ ಮತ್ತೆ ಪಿ ಒತ್ತಿ ಪಿಸಿ ಸ್ಕ್ರೀನ್ ಓನ್ಲಿ ಕೊಡಿ.

ಕೊನೇದಾಗಿ, ಇಂಗ್ಲಿಷ್ ಓದಕ್ಕೆ ಬರ್ದೇ ಇರೋರು ಮನೇಲಿದ್ರೆ ಅವ್ರಿಗೆ ಒಂದ್ಸಲ ಕೂತ್ಕೊಂಡು ಹೇಳ್ಕೊಡಿ. ನಾನು ರಿಮೋಟ್ ಬೆನ್ನಿಗೆ ಚೀಟಿ ಅಂಟ್ಸಿದೀನಿ, 1 ಡಬ್ಬ, 2 ಮಗನ ಕೆಲ್ಸ ಅಂತ. ಈಗ ಅವ್ವನೇ "ಆಯ್ತೇನಪ್ಪಾ?" ಅಂತ ಕೇಳಿ ತಾನೇ ಬದ್ಲಾಯ್ಸ್ಕೊತಾಳೆ.