ದೇಶ ಬಿಡುವಾಗ ಕೈಯಲ್ಲಿರಬೇಕಾದ ಕಾಗದ

ಧಾರವಾಡದ ನಮ್ಮ ಮನೆಗೆ ಓಣಿಯ ಹುಡುಗರು ಆಗಾಗ ಬರುತ್ತಾರೆ. ಕೇಳುವುದು ಒಂದೇ: "ಕಾಕಾ, ಫಾರಿನ್‌ಗೆ ಹೋಗಬೇಕಂದ್ರ ಏನ್ ಮಾಡ್ಬೇಕ್ರಿ?" ಹೋಗುವ ದಾರಿಯನ್ನು ಏಜೆಂಟ್ ಹೇಳುತ್ತಾನೆ, ಕಂಪನಿಯವರೂ ಹೇಳುತ್ತಾರೆ. ಬಿಟ್ಟು ಬರುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಒಮಾನ್, ಜರ್ಮನಿ, ಕೀನ್ಯಾ, ಕೊನೆಗೆ ಸೌದಿ ಅಂತ ತಿರುಗಿದವನು. ನನಗೆ ಉಪಯೋಗಕ್ಕೆ ಬಂದದ್ದು ಎರಡನೆಯ ವಿದ್ಯೆಯೇ.

ಕೆಲಸದ ಚಿಂತೆ ಮಾಡಬೇಡಿ. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದ ಎಲೆಕ್ಟ್ರಿಕಲ್ಲೇ ಎಲ್ಲಾ ಕಡೆ ನಡೆಯಿತು. ನನ್ನದು ಸಬ್‌ಸ್ಟೇಷನ್‌ಗಳಲ್ಲಿ ಪ್ರೊಟೆಕ್ಷನ್ ರಿಲೇ ಟೆಸ್ಟಿಂಗ್. ಲೈನಿನಲ್ಲಿ ಫಾಲ್ಟ್ ಆದರೆ ಬ್ರೇಕರ್‌ಗೆ ಟ್ರಿಪ್ ಆಗು, ಅಂದರೆ ಕರೆಂಟ್ ಕಡಿದುಬಿಡು, ಎನ್ನುವುದು ಈ ರಿಲೇ. ಒಮಾನ್, ಜರ್ಮನಿ, ಕೀನ್ಯಾ ಮೂರರಲ್ಲೂ ಕರೆಂಟಿನ ಫ್ರೀಕ್ವೆನ್ಸಿ ನಮ್ಮ ಹಾಗೇ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಸೌದಿಯಲ್ಲಿ 60. ಅದಕ್ಕೇ ಸೌದಿ ಗ್ರಿಡ್ಡನ್ನು ಅಕ್ಕಪಕ್ಕದ ಕೊಲ್ಲಿ ದೇಶಗಳಿಗೆ ನೇರವಾಗಿ ಜೋಡಿಸಲು ಬರುವುದಿಲ್ಲ. ಸೌದಿಯ ಅಲ್ ಫಾಧಿಲಿಯಲ್ಲಿ ಎಸಿಯನ್ನು (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಡಿಸಿ (ಒಂದೇ ದಿಕ್ಕಿನದು) ಮಾಡಿ, ಅದೇ ಜಾಗದಲ್ಲಿ ಮತ್ತೆ ಎಸಿ ಮಾಡುತ್ತಾರೆ. 600 ಮೆಗಾವ್ಯಾಟ್‌ನ ಮೂರು ಘಟಕಗಳು ಅಲ್ಲಿವೆ.

ನಾನು ಹೆಚ್ಚು ಕಲಿತದ್ದು ಕೀನ್ಯಾದಲ್ಲಿ. ನೈವಾಶಾ ಕೆರೆಯ ಹತ್ತಿರ ಓಲ್ಕಾರಿಯಾ ಅಂತ ಇದೆ. ನೆಲದೊಳಗಿನ ಹಬೆಯಿಂದ ಕರೆಂಟ್ ತೆಗೆಯುವ ಜಾಗ. ಹಬೆಯ ಜೊತೆ ಹೈಡ್ರೋಜನ್ ಸಲ್ಫೈಡ್ ಕೂಡ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಮೂಗು ಬೇಗ ಒಗ್ಗಿಕೊಳ್ಳುತ್ತದೆ, ರಿಲೇ ಒಗ್ಗುವುದಿಲ್ಲ. ಅದರ ಬೆಳ್ಳಿಯ ಕಾಂಟ್ಯಾಕ್ಟ್‌ಗಳು ದೇವರ ಮನೆಯ ಬೆಳ್ಳಿ ದೀಪದ ಹಾಗೆ ಕಪ್ಪಗಾಗುತ್ತವೆ. ಹೊರಗಿನಿಂದ ನೋಡಿದರೆ ಎಲ್ಲಾ ಸರಿ ಇರುತ್ತದೆ, ಫಾಲ್ಟ್ ಆದಾಗ ಟ್ರಿಪ್ ಸಿಗ್ನಲ್ ಮುಂದೆ ಹೋಗುವುದಿಲ್ಲ. ಹಾಗಾಗಿ ಕಂಟ್ರೋಲ್ ರೂಮಿಗೆ ಫಿಲ್ಟರ್ ಮಾಡಿದ ಗಾಳಿಯನ್ನೇ ತಳ್ಳಬೇಕು, ಒಳಗಿನ ಒತ್ತಡ ಹೊರಗಿಗಿಂತ ತುಸು ಜಾಸ್ತಿ ಇರಬೇಕು. ಬಾಗಿಲು ತೆರೆದಿಟ್ಟು ಚಹಾ ಕುಡಿಯುವವರ ಜೊತೆ ನನ್ನದು ದಿನಾ ಜಗಳ.

ಇಂಥ ಕೆಲಸ ಮಾಡಿದ್ದು ಮುಂದಿನ ದೇಶದವರಿಗೆ ಹೇಗೆ ಗೊತ್ತಾಗಬೇಕು? "ಸೀನಿಯರ್ ಎಂಜಿನಿಯರ್ ಆಗಿದ್ದರು, ನಡತೆ ಒಳ್ಳೆಯದು" ಎಂಬ ಪತ್ರ ಸುಮ್ನೆ. ಯಾವ ಸ್ಟೇಷನ್, ಎಷ್ಟು ಕೆವಿ (ಸಾವಿರ ವೋಲ್ಟ್), ಯಾವ ತಾರೀಖಿನಿಂದ ಎಲ್ಲಿಯವರೆಗೆ, ಎಲ್ಲಾ ಬರೆಸಿಕೊಳ್ಳಬೇಕು. ಅದೂ ನೋಟಿಸ್ ಅವಧಿ ಮುಗಿಯುವ ಮೊದಲೇ. ಕಂಪನಿಗಳು ಮಾರಾಟವಾಗುತ್ತವೆ, ಸಹಿ ಹಾಕಬೇಕಾದ ಸಾಹೇಬರು ಬೇರೆ ಕಡೆ ಹೋಗಿರುತ್ತಾರೆ. ಹೆಸರನ್ನೂ ನೋಡಿಕೊಳ್ಳಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು ಬಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದಕ್ಕೆ ಬೇರೆ ಸಾಲು. ಎಲ್ಲಾ ಕಾಗದದಲ್ಲೂ ಪಾಸ್‌ಪೋರ್ಟಿನಲ್ಲಿದ್ದ ಹಾಗೇ ಇರಲಿ.

ಎರಡನೆಯದು ಪೊಲೀಸ್ ಕ್ಲಿಯರೆನ್ಸ್, ನಮ್ಮ ಮೇಲೆ ಅಪರಾಧದ ದಾಖಲೆ ಇಲ್ಲ ಎನ್ನುವ ಪತ್ರ. ಕೆನಡಾಕ್ಕೆ ಪಿಆರ್, ಅಂದರೆ ಕಾಯಂ ವಾಸದ ಅರ್ಜಿ ಹಾಕಿದರೆ, ಹಿಂದಿನ 10 ವರ್ಷಗಳಲ್ಲಿ ಸತತ 6 ತಿಂಗಳು ಇದ್ದ ಪ್ರತಿಯೊಂದು ದೇಶದ್ದೂ ಕೇಳುತ್ತಾರೆ. ಅಲ್ಲೇ ಇದ್ದಾಗ ಮಾಡಿಸಿದರೆ ಹಗುರ. ಊರಿಗೆ ಬಂದು ಕೂತ ಮೇಲೆ ಬೆರಳಚ್ಚು, ರಾಯಭಾರ ಕಚೇರಿ ಅಂತ ಅಲೆಯಬೇಕು. ಹಳೆಯದು ನಡೆಯದೆ ಹೊಸದು ಬೇಕಾದರೂ, ಹಳೆಯ ಪ್ರತಿ ಇದ್ದರೆ ಅರ್ಜಿ ತುಂಬುವುದು ಸಲೀಸು.

ಜರ್ಮನಿಯಲ್ಲಿ ಬಿಡುವುದಕ್ಕೂ ಪದ್ಧತಿ ಇದೆ. ಹೊರಡುವ ಒಂದು ವಾರ ಮೊದಲಿನಿಂದ ನಗರದ ಕಚೇರಿಗೆ ಹೋಗಿ, ವಿಳಾಸದಿಂದ ಹೆಸರು ತೆಗೆಸಬಹುದು. ಅವರು ಕೊಡುವ ಚೀಟಿ ಇದ್ದರೆ ಫೋನು, ಇನ್ಶುರೆನ್ಸ್ ಎಲ್ಲಾ ಮುಗಿಸುವುದು ಸುಲಭ. ಪಿಂಚಣಿಯ ಲೆಕ್ಕ ಇನ್ನೂ ಮುಖ್ಯ. ಸಂಬಳದಿಂದ 60 ತಿಂಗಳು ಕಡಿತವಾಗಿದ್ದರೆ ವಯಸ್ಸಾದ ಮೇಲೆ ಪಿಂಚಣಿ ಬರುತ್ತದೆ. ಅದಕ್ಕಿಂತ ಕಡಿಮೆ ಇದ್ದು ಊರಿಗೆ ವಾಪಸ್ ಬಂದವರು, 24 ತಿಂಗಳು ಕಾದು ತಮ್ಮ ಪಾಲಿನ ಹಣ ಕೇಳಬಹುದು. ಮಾಲೀಕರ ಪಾಲು ಸಿಗುವುದಿಲ್ಲ. 55 ತಿಂಗಳಿಗೆ ಕೆಲಸ ಬಿಡುವ ಮನಸ್ಸಾದರೆ ಇನ್ನೈದು ತಿಂಗಳು ತಡೆದುಕೊಳ್ಳಿ ಎನ್ನುತ್ತೇನೆ.

ಸೌದಿಯ ಲೆಕ್ಕ ಬೇರೆ. ಅಲ್ಲಿ ಕೆಲಸ ಬಿಡುವಾಗ ಕಂಪನಿಯೇ ಗ್ರಾಚ್ಯುಟಿ ಕೊಡುತ್ತದೆ. ಮೊದಲ 5 ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಪೂರ್ತಿ ತಿಂಗಳದ್ದು. ಆದರೆ 5ರಿಂದ 10 ವರ್ಷದೊಳಗೆ ನೀವಾಗಿಯೇ ರಾಜೀನಾಮೆ ಕೊಟ್ಟರೆ ಮೂರರಲ್ಲಿ ಎರಡು ಪಾಲು ಮಾತ್ರ. ಕರಾರಿನ ಅವಧಿ ತೀರಿ ಹೊರಬಂದರೆ ಪೂರ್ತಿ. ಸಿಟ್ಟಿನಲ್ಲಿ ರಾಜೀನಾಮೆ ಬರೆಯುವ ಮೊದಲು ಕ್ಯಾಲೆಂಡರ್ ನೋಡಿ, ಅಲ್ವಾ? ಕಾಯಂ ಆಗಿ ದೇಶ ಬಿಡಲು ಬೇಕಾದ ಫೈನಲ್ ಎಕ್ಸಿಟ್ ವೀಸಾಕ್ಕೂ ಮುಂಚೆ ಟ್ರಾಫಿಕ್ ದಂಡ, ಸಾಲ ಎಲ್ಲಾ ತೀರಿಸಿರಬೇಕು. 2017ರ ಜುಲೈನಿಂದ ಅಲ್ಲಿ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು, ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಎಷ್ಟೋ ಜನ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ನಮ್ಮ ಮನೆಯವಳು ಲೆಕ್ಕ ಹಾಕಿ, "ಈ ದುಡ್ಡಿನ್ಯಾಗ ಧಾರವಾಡದಾಗ ಆರಾಮ ಇರಬಹುದಲ್ರಿ" ಅಂದಳು. ಮುಂದೆ ಮಾತಾಡಲು ನನಗೆ ಏನೂ ಉಳಿಯಲಿಲ್ಲ.

ಆಫ್ರಿಕಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯ ಕಾರ್ಡನ್ನು ಪಾಸ್‌ಪೋರ್ಟಿನ ಒಳಗೇ ಇಡಿ. ಪ್ರಯಾಣಕ್ಕೆ 10 ದಿನ ಮೊದಲೇ ಚುಚ್ಚಿಸಿಕೊಂಡಿರಬೇಕು. ಕೀನ್ಯಾದಿಂದ ಬಂದು ಕಾರ್ಡಿಲ್ಲ ಅಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಕ್ವಾರಂಟೈನಿಗೆ ಹಾಕುತ್ತಾರೆ, 6 ದಿನದವರೆಗೆ.

ಊರಿಗೆ ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು (ಹೊರದೇಶದಲ್ಲಿದ್ದವರ ರೂಪಾಯಿ ಖಾತೆ) ಹಾಗೇ ಇಟ್ಟುಕೊಳ್ಳುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಬದಲಿಸಬೇಕು. ವಿದೇಶಿ ಹಣವನ್ನು ಅದೇ ರೂಪದಲ್ಲಿ ಇಡಬೇಕಾದರೆ ಆರ್‌ಎಫ್‌ಸಿ ಖಾತೆ ಇದೆ. ತುಂಬಾ ವರ್ಷ ಹೊರಗಿದ್ದವರಿಗೆ ತೆರಿಗೆಯಲ್ಲಿ ಆರ್‌ಎನ್‌ಒಆರ್ ಎಂಬ ನಡುವಿನ ಸ್ಥಿತಿ ಸಿಗುತ್ತದೆ. ಅಷ್ಟು ದಿನ ಹೊರದೇಶದ ಬಡ್ಡಿಗೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಇದಕ್ಕೆ ಪಾಸ್‌ಪೋರ್ಟಿನ ಮುದ್ರೆಗಳೇ ಸಾಕ್ಷಿ, ಹಳೆಯ ಪಾಸ್‌ಪೋರ್ಟ್ ಒಂದನ್ನೂ ಬಿಸಾಡಬೇಡಿ.

ನನಗೀಗ ಜರ್ಮನಿಯ ಪಿಂಚಣಿ ಬರುತ್ತದೆ. ದೊಡ್ಡ ಮೊತ್ತವೇನಲ್ಲ, ಔಷಧಿಗೆ, ಕರೆಂಟ್ ಬಿಲ್ಲಿಗೆ ಸಾಕು. ವರ್ಷಕ್ಕೊಮ್ಮೆ ಅಲ್ಲಿಂದ ಒಂದು ಫಾರಂ ಬರುತ್ತದೆ, ನಾನು ಬದುಕಿದ್ದೇನೆ ಅಂತ ಯಾರಾದರೂ ಅಧಿಕಾರಿ ಸಹಿ ಹಾಕಿ ಮೊಹರು ಒತ್ತಬೇಕು. ನಮ್ಮ ಬ್ಯಾಂಕ್ ಮ್ಯಾನೇಜರ್ ಹಾಕಿಕೊಡುತ್ತಾರೆ. ಹೋದ ಸಲ ಹೊಸಬರು ಬಂದಿದ್ದರು. ಫಾರಂ ಎರಡು ಸಲ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಧಾರ್ ತಂದೀರೇನ್ರಿ?" ಅಂದರು. ತಂದಿದ್ದೆ.