ಹದಿನಾರು ಪುಟದ ವಿಶ್ವೇಶ್ವರಯ್ಯ

ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಶಾಲೆಗಳ ನಾಲ್ಕರಿಂದ ಏಳನೇ ತರಗತಿಯ ಮಕ್ಕಳಿಗಾಗಿ ನಾನು ಮಾಡುವುದು ಹದಿನಾರು ಪುಟದ ಜೀವನಚರಿತ್ರೆಯ ಪುಸ್ತಿಕೆ. ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ನಾಲ್ಕು ಹಾಳೆಗೆ ಹದಿನಾರು ಪುಟ, ಮೇಲೊಂದು ದಪ್ಪ ಹಾಳೆಯ ರಕ್ಷಾಪುಟ. ಇಷ್ಟರಲ್ಲಿ ಹಿಡಿಸುವುದು 600ರಿಂದ 700 ಪದ, ಏಳೆಂಟು ಚಿತ್ರ, ಒಂದು ನಕ್ಷೆ. ನೂರು ವರ್ಷ ಬಾಳಿದವರನ್ನು 700 ಪದಕ್ಕೆ ಇಳಿಸಬೇಕಾದರೆ ಏನನ್ನು ಬಿಡಬೇಕು ಎಂದು ಗೊತ್ತುಮಾಡಿಕೊಳ್ಳುವುದೇ ಮೊದಲ ಕೆಲಸ. ನಾನು ಮೊದಲು ಬಿಡುವುದು ಬಿರುದುಗಳ ಪಟ್ಟಿಯನ್ನು. ಆಮೇಲೆ, ಯಾರ ಹೆಸರಿಗೆ ಬೇಕಾದರೂ ಅಂಟಿಸಬಹುದಾದ ಕಥೆಗಳನ್ನು. ಉಳಿಸಿಕೊಳ್ಳುವುದು ಅವರು ಮಾಡಿದ ಒಂದು ಕೆಲಸ, ಅದನ್ನು ಹೇಗೆ ಮಾಡಿದರು ಎಂಬ ವಿವರ.

ಸರ್. ಎಂ. ವಿಶ್ವೇಶ್ವರಯ್ಯನವರ ಪುಸ್ತಿಕೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಈ ಭಾಗದ ಮಕ್ಕಳಿಗೆ ಮುದ್ದೇನಹಳ್ಳಿ ಗೊತ್ತು, ಸೆಪ್ಟೆಂಬರ್ 15ರ ಭಾಷಣ ಬಾಯಿಪಾಠ. ಆ ಭಾಷಣಗಳಲ್ಲಿ ತಪ್ಪದೆ ಬರುವ ಕಥೆ ಎರಡು ಮೇಣದಬತ್ತಿಯದು: ಸರ್ಕಾರದ ಕೆಲಸಕ್ಕೆ ಒಂದು, ಸ್ವಂತ ಕೆಲಸಕ್ಕೆ ಇನ್ನೊಂದು. ಇದೇ ಕಥೆಯನ್ನು ಚಾಣಕ್ಯನ ಮೇಲೂ ಹೇಳುತ್ತಾರೆ, ಖಲೀಫ ಉಮರ್ ಮೇಲೂ ಹೇಳುತ್ತಾರೆ. ಬೀದಿದೀಪದ ಕೆಳಗೆ ಓದಿದ ಕಥೆಯೂ ಹೀಗೆಯೇ ಹತ್ತಾರು ಮಹನೀಯರ ಹೆಸರಿನಲ್ಲಿದೆ. ಅದಕ್ಕೆ ಚಿತ್ರ ಬರೆಸಿದರೆ ಕಂಬದ ಮೇಲೆ ಬಲ್ಬು ಬಂದು ಕೂರುತ್ತದೆ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1881ರಲ್ಲಿ, ಬೆಂಗಳೂರಿಗೆ ವಿದ್ಯುತ್ ಬೀದಿದೀಪ ಬಂದದ್ದು 1905ರಲ್ಲಿ. ಒಂದು ಕಥೆಯನ್ನು ಒಳಗೆ ಬಿಟ್ಟುಕೊಳ್ಳುವ ಮುಂಚೆ ನಾನು ನೋಡುವುದು ಇಷ್ಟೆ: ಇದನ್ನು ಮೊದಲು ಬರೆದವರು ಯಾರು, ಅವರು ಅಲ್ಲಿದ್ದರೇ, ಘಟನೆಗೂ ಬರಹಕ್ಕೂ ನಡುವೆ ಎಷ್ಟು ವರ್ಷ. ಮೂರಕ್ಕೂ ಉತ್ತರ ಸಿಗದಿದ್ದರೆ ಕಥೆ ಎಷ್ಟೇ ಚೆನ್ನಾಗಿದ್ದರೂ ಹೊರಗೆ. ಪ್ರಾಮಾಣಿಕತೆಯ ಬಗ್ಗೆ ಬರೆಯುವಾಗಲೇ ಖಾತ್ರಿಯಿಲ್ಲದ್ದನ್ನು ಮಗುವಿನ ಕೈಗೆ ಕೊಡುವುದು ನನಗೆ ಸರಿಕಾಣುವುದಿಲ್ಲ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳನ್ನು 1951ರಲ್ಲಿ ತಾವೇ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಅದರ ತುಂಬ ಇರುವುದು ಕೆಲಸ, ಬಾಲ್ಯವಲ್ಲ. ಹಾಗಾಗಿ ಪುಸ್ತಿಕೆಯಲ್ಲೂ ಬಾಲ್ಯಕ್ಕೆ ಒಂದೂವರೆ ಪುಟ ಸಾಕು.

ಕೆಲಸವನ್ನು ಆರಿಸುವಾಗ ಕನ್ನಂಬಾಡಿ ಕಟ್ಟೆ ತಾನಾಗಿ ಕೈಗೆ ಬರುತ್ತದೆ. ಆದರೆ ನಮ್ಮ ಮಕ್ಕಳು ವರ್ಷವಿಡೀ ಹರಿಯುವ ಹೊಳೆಯನ್ನು ಊರಿನಲ್ಲಿ ನೋಡಿದವರಲ್ಲ, ನೋಡಿರುವುದು ಕೆರೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಅವರ ಮಾತಿನಲ್ಲೇ ಇವೆ. ಆದ್ದರಿಂದ ನಾನು ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯದಿಂದ ಶುರುಮಾಡುತ್ತೇನೆ. ಕೆರೆಯಲ್ಲಿ ನೀರು ಎಷ್ಟು ನಿಲ್ಲಬೇಕು ಎಂದು ಹೇಳುವುದು ಕೋಡಿಯ, ಅಂದರೆ ಹೆಚ್ಚಾದ ನೀರು ಹೊರಹರಿಯುವ ಜಾಗದ, ಎತ್ತರ. ಕೋಡಿಗೆ ಕಲ್ಲುಮಣ್ಣು ಅಡ್ಡಹಾಕಿದರೆ ಇನ್ನಷ್ಟು ನೀರು ನಿಲ್ಲುತ್ತದೆ ನಿಜ, ಆದರೆ ಜೋರು ಮಳೆ ಬಂದ ರಾತ್ರಿ ಆ ಅಡ್ಡವನ್ನು ತೆಗೆಯುವವರು ಇಲ್ಲದಿದ್ದರೆ ಏರಿಯೇ ಒಡೆಯಬಹುದು. ಇಷ್ಟನ್ನು ನಾಲ್ಕನೇ ತರಗತಿಯ ಮಗು ತಾನೇ ಹೇಳುತ್ತದೆ. ಅಲ್ಲಿಗೆ ಪುಟ ಮುಗಿಸಿ, ‘ಹಾಗಾದರೆ ಏನು ಮಾಡುವುದು?’ ಎಂದು ಕೇಳಿ ಬಿಡುತ್ತೇನೆ. ಮುಂದಿನ ಪುಟದಲ್ಲಿ ಉತ್ತರ: ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಬಾಗಿಲು ಕೂರಿಸಿದರು, ನೀರು ಗೊತ್ತಾದ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆಯುತ್ತದೆ, ನೀರು ಇಳಿದರೆ ತಾನೇ ಮುಚ್ಚುತ್ತದೆ. 1903ರಲ್ಲಿ ಈ ಬಾಗಿಲುಗಳನ್ನು ಅಲ್ಲಿ ಅಳವಡಿಸಲಾಯಿತು. ಪ್ರಶ್ನೆ ಬಲಗಡೆಯ ಪುಟದ ಕೊನೆಯಲ್ಲೂ ಉತ್ತರ ಹಾಳೆ ತಿರುವಿದ ಮೇಲೂ ಇರಬೇಕು. ಎರಡೂ ಎದುರುಬದುರು ಪುಟಗಳಲ್ಲಿ ಬಿದ್ದರೆ ಕಣ್ಣು ಮೊದಲೇ ಉತ್ತರದ ಮೇಲೆ ಹೋಗಿಬಿಡುತ್ತದೆ. ಇದಕ್ಕಾಗಿಯೇ ಬರೆಯುವ ಮುಂಚೆ ಬಿಳಿ ಹಾಳೆ ಮಡಚಿ, ಪುಟಸಂಖ್ಯೆ ಹಾಕಿ, ಯಾವ ಪುಟದಲ್ಲಿ ಏನು ಎಂದು ಪೆನ್ಸಿಲಿನಲ್ಲಿ ಗುರುತುಹಾಕಿದ ಡಮ್ಮಿ ಮಾಡಿಕೊಳ್ಳಬೇಕು.

ಕನ್ನಂಬಾಡಿಗೆ ಎರಡು ಪುಟ. ಅಲ್ಲಿ ‘ವಿಶ್ವೇಶ್ವರಯ್ಯ ಕಟ್ಟಿದರು’ ಎಂಬ ಒಂದೇ ವಾಕ್ಯ ಬರೆದು ಮುಗಿಸುವುದು ತಪ್ಪು. ಕೆಲಸ ಶುರುವಾದದ್ದು 1911ರಲ್ಲಿ, ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದಾಗ. 1912ರಲ್ಲಿ ದಿವಾನರಾದರು, 1918ರ ಕೊನೆಗೆ ಆ ಹುದ್ದೆ ಬಿಟ್ಟರು. ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಆರಂಭಕ್ಕೆ. ಅಂದರೆ ಅವರು ಅಧಿಕಾರ ಬಿಟ್ಟ ಮೇಲೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇರೆ ಎಂಜಿನಿಯರುಗಳು, ಸಾವಿರಾರು ಕೂಲಿಕಾರರು ಸುರ್ಕಿ ಗಾರೆಯಲ್ಲಿ (ಇಟ್ಟಿಗೆ ಪುಡಿ, ಸುಣ್ಣ ಬೆರೆಸಿದ ಗಾರೆ) ಕಲ್ಲು ಕಟ್ಟಿದ್ದಾರೆ. ಹಳೆಯ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿದೆ. ಈ ಎರಡು ಸಂಗತಿಗೆ ನಾನು ಒಂದೊಂದು ಚಿತ್ರ ಕೊಡುತ್ತೇನೆ. ಕಲ್ಲು ಹೊತ್ತವರು ಚಿತ್ರದಲ್ಲಿ ಕಾಣದಿದ್ದರೆ, ಅಂಥ ಕಲ್ಲು ಹೊತ್ತವರ ಮನೆಯ ಮಗುವಿಗೆ ಈ ಪುಸ್ತಕದಲ್ಲಿ ನಿಲ್ಲಲು ಜಾಗವೇ ಇರುವುದಿಲ್ಲ.

ಇಸವಿಗಳಲ್ಲಿ ಎಚ್ಚರ ಬೇಕು. ಅವರ ಹುಟ್ಟಿದ ವರ್ಷ 1860 ಎಂದೂ 1861 ಎಂದೂ ಅಚ್ಚಾಗಿದೆ. ಜನ್ಮಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರ ಸೆಪ್ಟೆಂಬರ್ 15ಕ್ಕೆ. ಇಂಥ ಕಡೆ ಒಂದನ್ನು ಆರಿಸಿ ಸುಮ್ಮನಾಗದೆ ಎರಡನ್ನೂ ಕೊಟ್ಟು, ಪುಟದ ಕೆಳಗೆ ಅಂಚೆಚೀಟಿಯ ವಿಷಯ ಹೇಳಿದರೆ ಮಕ್ಕಳಿಗೇ ಅದು ಲೆಕ್ಕದ ಆಟವಾಗುತ್ತದೆ. ತೀರಿಕೊಂಡ ದಿನಾಂಕ ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾದಾಗ, ತಿಂಗಳು ಒಂದೇ ಇದ್ದರೆ ತಿಂಗಳಿಗೇ ನಿಲ್ಲಿಸುತ್ತೇನೆ: 1962ರ ಏಪ್ರಿಲ್. ಇದಕ್ಕೆ ತದ್ವಿರುದ್ಧವಾದ ತೊಂದರೆ ಮಾಸ್ತಿಯವರದು. ಅವರು ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ಕರಡು ತಿದ್ದುವವರು ಇದನ್ನು ಅಚ್ಚಿನ ತಪ್ಪೆಂದು ತಿಳಿದು ಬದಲಿಸಿಬಿಡುವ ಸಾಧ್ಯತೆ ಹೆಚ್ಚು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಸರಿಯಾಗಿದೆ, ಬಿಡಿ’ ಎಂದು ಬರೆದೇ ಕಳಿಸಬೇಕು. ಜಿಲ್ಲೆಯ ಹೆಸರೂ ಹೀಗೆಯೇ. ಹಳೆಯ ಪುಸ್ತಕಗಳಲ್ಲಿ ಮುದ್ದೇನಹಳ್ಳಿ ಕೋಲಾರ ಜಿಲ್ಲೆಯಲ್ಲಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ‘ಆಗಿನ ಕೋಲಾರ, ಈಗಿನ ಚಿಕ್ಕಬಳ್ಳಾಪುರ’ ಎಂದು ನಕ್ಷೆಯ ಪಕ್ಕ ಒಮ್ಮೆ ಹೇಳಿದರೆ ಸಾಕು.

ಭಾಷೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಅವನು, ಅವರು. ಎಂಟು ವರ್ಷದ ಹುಡುಗನನ್ನು ‘ವಿಶ್ವೇಶ್ವರಯ್ಯನವರು ಕೆರೆಯ ಏರಿಯ ಮೇಲೆ ಓಡಿದರು’ ಎಂದರೆ ಓದುವ ಮಗುವಿಗೆ ಕಣ್ಣ ಮುಂದೆ ಬರುವುದು ಪೇಟ ತೊಟ್ಟ ಮುದುಕರು. ‘ಓಡಿದ’ ಎಂದರೆ ಹಿರಿಯರಿಗೆ ಸರಿಹೋಗುವುದಿಲ್ಲ. ಊರು ಬಿಡುವವರೆಗೆ ‘ಹುಡುಗ’ ಎಂದು ಏಕವಚನ, ಬೆಂಗಳೂರಿಗೆ ಹೊರಟ ಪುಟದಿಂದ ಹೆಸರು ಮತ್ತು ಬಹುವಚನ, ಇದು ನಾನು ಕಂಡುಕೊಂಡ ದಾರಿ. ಅದು ಬದಲಾಗುವುದು ಹಾಳೆ ತಿರುವಿದಾಗಲೇ ಆಗಬೇಕು. ಒಂದೇ ಪುಟದಲ್ಲಿ ಎರಡೂ ಬಂದರೆ ಮಕ್ಕಳು ಇಬ್ಬರು ಮನುಷ್ಯರೆಂದು ತಿಳಿಯುತ್ತಾರೆ.

ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ತುಮಕೂರು ಜಿಲ್ಲೆಯ ಪಾವಗಡ, ಇಲ್ಲೆಲ್ಲ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕನ್ನಡ ಅವರಿಗೆ ಶಾಲೆಯ ಭಾಷೆ. ಆದ್ದರಿಂದ ವಾಕ್ಯ ಎಂಟು ಹತ್ತು ಪದಕ್ಕೆ ಮೀರದಂತೆ ನೋಡಿಕೊಳ್ಳುತ್ತೇನೆ. ‘ನೇಮಿಸಲ್ಪಟ್ಟರು’ ಎಂಬಂಥ ಕ್ರಿಯಾಪದ ಬೇಡ. ‘ಮಹಾರಾಜರು ಅವರನ್ನು ದಿವಾನರನ್ನಾಗಿ ಮಾಡಿದರು’ ಎಂದರೆ ಯಾರು ಯಾರನ್ನು ಎಂಬುದು ತಿಳಿಯುತ್ತದೆ. ದಿವಾನ ಎಂದರೆ ಮುಖ್ಯಮಂತ್ರಿ ಎಂದು ಅರ್ಥ ಕೊಟ್ಟು ಬಿಡಬಾರದು, ‘ಜನ ಆರಿಸಿದ್ದಲ್ಲ, ರಾಜರು ನೇಮಿಸಿದ್ದು’ ಎಂದೂ ಸೇರಿಸಬೇಕು.

ಕರಡು ಸಿದ್ಧವಾದ ಮೇಲೆ ಆರು ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತೇನೆ: ನಾಲ್ಕು, ಐದು, ಆರನೇ ತರಗತಿಯಿಂದ ಇಬ್ಬಿಬ್ಬರು, ಅದರಲ್ಲಿ ಚೆನ್ನಾಗಿ ಓದುವವರೊಬ್ಬರು, ತಡವರಿಸುವವರೊಬ್ಬರು. ತಿದ್ದದೆ, ನಿಂತ ಜಾಗಕ್ಕೆ ಚುಕ್ಕೆ ಇಡುತ್ತಾ ಹೋಗುವುದು. ಮೂವರು ನಿಂತ ಜಾಗದಲ್ಲಿ ವಾಕ್ಯವನ್ನು ಒಡೆಯಬೇಕು. ಒಬ್ಬರೇ ನಿಂತಿದ್ದರೆ ಪದ ಹೊಸದು ಅಷ್ಟೆ, ಬಿಡಬಹುದು. ಓದಿದ ಮೇಲೆ ‘ನೀತಿ ಏನು’ ಎಂದು ಕೇಳುವುದಿಲ್ಲ, ‘ಅವರು ಏನು ಮಾಡಿದರು, ಹೇಗೆ’ ಎಂದು ಕೇಳುತ್ತೇನೆ. ಕೋಡಿಯ ಬಾಗಿಲನ್ನು ಕೈಯಲ್ಲಿ ತೋರಿಸಿ ಹೇಳಿದರೆ ಪುಟ ನಿಂತಿದೆ ಎಂದರ್ಥ. ‘ತುಂಬಾ ಕಷ್ಟಪಟ್ಟರು, ದೊಡ್ಡವರಾದರು’ ಎಂದಷ್ಟೇ ಬಂದರೆ ಮತ್ತೆ ಬರೆಯಬೇಕು.

ಕಷ್ಟದ ವಿಷಯವೂ ಹೀಗೆಯೇ. ‘ಕಡುಬಡತನ’ ಎಂಬ ಪದಕ್ಕೆ ಮಗುವಿನ ತಲೆಯಲ್ಲಿ ಚಿತ್ರವಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದರು. ಸುಮಾರು 80 ಕಿಲೋಮೀಟರ್. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಎಷ್ಟು ಗಂಟೆ, ಎಲ್ಲಿ ಮಲಗಬೇಕು, ಬುತ್ತಿಗೆ ಏನು ಕಟ್ಟಿಕೊಳ್ಳಬೇಕು ಎಂದು ಮಕ್ಕಳೇ ಲೆಕ್ಕ ಹಾಕಲಿ. ಮುಳಬಾಗಿಲಿನ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ ಎಂದು ಬರೆದರೆ ಮಾತ್ರ ಮುಂದಿನ ಸಾಲಿನಲ್ಲೇ ಅವರು ಆಮೇಲೆ ತಾವಾಗಿ ಸಂಸ್ಕೃತ, ಇಂಗ್ಲಿಷ್ ಓದಿಕೊಂಡದ್ದು ಬರಬೇಕು. ಇಲ್ಲದಿದ್ದರೆ ಶಾಲೆ ಬೇಡವೆಂಬ ಅರ್ಥ ಸಲೀಸಾಗಿ ಹೊರಡುತ್ತದೆ.

ಬದುಕಿರುವವರ ಬಗ್ಗೆ ಬರೆಯುವಾಗ ‘ಈಗ’ ಎಂಬ ಪದವನ್ನೇ ತೆಗೆಯಬೇಕು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಆಗ ಬರೆದ ‘ಈಗ ಅವರ ವಯಸ್ಸು’ ಎಂಬ ಸಾಲು ಮರುವರ್ಷಕ್ಕೇ ತಪ್ಪು; 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಅವರು ನೆಟ್ಟ ಆಲದ ಮರಗಳ ಲೆಕ್ಕ ಒಂದೆಡೆ 284, ಇನ್ನೊಂದೆಡೆ 385. ಸಂಖ್ಯೆಯ ಬದಲು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಹೆಸರು ಕೊಟ್ಟು, ಅವರು ಬಿಂದಿಗೆಯಲ್ಲಿ ನೀರು ಹೊತ್ತದ್ದನ್ನೂ ದನಕರು ತಿನ್ನದಂತೆ ಸಸಿಗೆ ಮುಳ್ಳು ಕಟ್ಟಿದ್ದನ್ನೂ ಬರೆದರೆ ಸಾಕು.

ಇನ್ನು ಅಚ್ಚು. ಅಕ್ಷರದ ಗಾತ್ರ 18 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ. ಇದಕ್ಕಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ಬಲಬದಿಯನ್ನು ಸಮ ಮಾಡಿಸಬಾರದು. ಕನ್ನಡದ ಪದಗಳು ಉದ್ದ, ಸಾಲಿಗೆ ನಾಲ್ಕೇ ಬಂದಾಗ ನಡುವೆ ದೊಡ್ಡ ದೊಡ್ಡ ಕಂದಕ ಬೀಳುತ್ತದೆ. ಯೂನಿಕೋಡಿನಲ್ಲಿ ಬರೆದದ್ದನ್ನು ಡಿಟಿಪಿಯವರು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸಿದಾಗ ‘ಕಾಲೇಜ್‌ನಲ್ಲಿ’ ಎಂಬುದು ‘ಕಾಲೇಜ್ನಲ್ಲಿ’ ಆಗುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಬರೆಯುವಾಗಲೇ ‘ಕಾಲೇಜಿನಲ್ಲಿ’ ಎಂದು ಬರೆದರೆ ಅರ್ಧ ತೊಂದರೆ ಇಲ್ಲ. ಪರಿವರ್ತನೆಯಾದ ಮೇಲೆ ಪೂರ್ತಿ ಕರಡನ್ನು ಕಾಗದದ ಮೇಲೆ ಇನ್ನೊಮ್ಮೆ ನೋಡಲೇಬೇಕು.

ಒಳಪುಟಕ್ಕೆ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಮ್ಯಾಪ್ಲಿಥೊ ಕಾಗದ, ರಕ್ಷಾಪುಟಕ್ಕೆ 250ರ ಆರ್ಟ್ ಕಾರ್ಡ್. ಒಳಗೆ 70ರದ್ದು ಹಾಕಿದರೆ ಹಿಂದಿನ ಪುಟದ ಚಿತ್ರ ಮುಂದೆ ಕಾಣುತ್ತದೆ. ಇನ್ನೂರು ಪ್ರತಿಯವರೆಗೆ ಡಿಜಿಟಲ್, ಐನೂರು ದಾಟಿದರೆ ಆಫ್‌ಸೆಟ್ ಗಿಟ್ಟುತ್ತದೆ. ಹಳೆಯ ಫೋಟೊ ಬಳಸುವುದಾದರೆ, ಅದರ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಬೇಕು. ಮುಗಿದಿರದಿದ್ದರೆ ಹಕ್ಕುಳ್ಳವರ ಅನುಮತಿ ಬೇಕು. ನಕ್ಷೆಗೆ 8 ಮತ್ತು 9ನೇ ಪುಟಗಳನ್ನೇ ಕೊಡಬೇಕು. ಇಡೀ ಪುಸ್ತಿಕೆಯ ಎದುರುಬದುರು ಪುಟಗಳಲ್ಲಿ ಅವೆರಡು ಮಾತ್ರ ಹಾಳೆಯ ಒಂದೇ ಬದಿಯಲ್ಲಿ ಅಕ್ಕಪಕ್ಕ ಅಚ್ಚಾಗುತ್ತವೆ. ಬೇರೆ ಕಡೆ ಹಾಕಿದರೆ ಮಡಿಕೆಯಲ್ಲಿ ರಸ್ತೆ, ಹೊಳೆ ಎಲ್ಲ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತವೆ. ಪಿನ್ನು ಬೀಳುವುದೂ ಅಲ್ಲೇ. ಹಾಗಾಗಿ ಮಡಿಕೆಯ ಎರಡೂ ಕಡೆ ಒಂದು ಸೆಂಟಿಮೀಟರಿನೊಳಗೆ ಯಾವ ಊರಿನ ಹೆಸರನ್ನೂ ಬರೆಸಬಾರದು.